ಅಂಗಿಯ ಮೇಲಿನ ಪದರಗಳು

ಗಂಡ ಬಾಲಕೃಷ್ಣ ತೀರಿಕೊಂಡಾಗ ತುಳಸಿ ಅಳಲಿಲ್ಲ. ಧಾರವಾಡದ ನಾದಿನಿ ದಿನಾ ಫೋನು ಮಾಡಿ, ಅತ್ತು ಹಗುರಾಗು ಎಂದು ಜೀವ ತಿಂದಳು. ಅಳು ಏನು ನಲ್ಲಿ ನೀರೇ, ತಿರುಗಿಸಿದರೆ ಬರುವುದಕ್ಕೆ? ರೈಲ್ವೆ ನೌಕರಿಯ ಗಂಡನ ಹಿಂದೆ ಬಂದು ಕೋಲ್ಕತ್ತದ ಬಾಲಿಗಂಜ್‌ನಲ್ಲಿ ನೆಲೆಯಾದ ಹೆಂಗಸು. ಈಗ ಉಂಡರೆ ಉಂಡಳು, ಇಲ್ಲದಿದ್ದರೆ ಇಲ್ಲ. ವೈಕುಂಠ ಸಮಾರಾಧನೆ ಮುಗಿದ ಮೇಲೆ ಮಗಳು ವರ್ಷಿಣಿ ಅಪ್ಪನ ಬಟ್ಟೆಗಳನ್ನೆಲ್ಲ ದಾನ ಕೊಟ್ಟಳು. ಆಮೇಲೆ ಇಸ್ತ್ರಿಯವನು ತನ್ನಲ್ಲೇ ಉಳಿದಿದ್ದ ನೀಲಿ ಗೀರಿನ ಅಂಗಿಯೊಂದನ್ನು ತಂದುಕೊಟ್ಟ. ತುಳಸಿ ಅದನ್ನು ಯಾರಿಗೂ ಹೇಳದೆ ಬಚ್ಚಿಟ್ಟಳು.

ಮನಸ್ಸು ಬೇರೆ ಕಡೆ ಹೊರಳಲಿ ಎಂದು ವರ್ಷಿಣಿ ಅವಳನ್ನು ಪಕ್ಕದ ಬೀದಿಯ ಅಪರ್ಣಾಳ ಚಿತ್ರಕಲೆ ಕ್ಲಾಸಿಗೆ ಸೇರಿಸಿದಳು. ಅಲ್ಲಿ ಹೂವಿಲ್ಲ, ಹಕ್ಕಿಯಿಲ್ಲ. ಹಲಗೆಗೆ ಕಾಗದ, ಬಟ್ಟೆ, ಮರಳು ಅಂಟಿಸು, ಬಣ್ಣ ಬಳಿ, ಒಣಗಿದ ಮೇಲೆ ಇನ್ನೊಂದು ಪದರ ಹಾಕು; ಕೊನೆಗೆ ಬ್ಲೇಡಿನಿಂದ ಅಲ್ಲಲ್ಲಿ ಕೆರೆದರೆ ಒಳಗಿನದು ಇಣುಕಿ ಚಿತ್ರವಾಗುತ್ತದೆ. ತುಳಸಿ ಅಂಗಿಯನ್ನು ಕತ್ತರಿಸಿ ತಳದಲ್ಲಿ ಅಂಟಿಸಿ, ಮೇಲೆ ಬಳಿದಳೋ ಬಳಿದಳು. ಅಲ್ಲಿದ್ದರೆ ಯಾರೂ ದಾನ ಕೊಡುವಂತಿಲ್ಲವಲ್ಲ. ಕೆರೆಯಲು ಮಾತ್ರ ಒಪ್ಪಲಿಲ್ಲ. ಧೈರ್ಯ ಮಾಡದಿದ್ದರೆ ಇದು ಬರೀ ಗೋಡೆ ಎಂದು ಅಪರ್ಣಾ ಗೊಣಗಿದಳು. ಗೋಡೆಯೇ ಇರಲಿ ಎಂದಳು ತುಳಸಿ.

ಆದರೆ ಅಂಟಿಸಿದ್ದು ಯಾವುದರಿಂದ? ಅಂಗಡಿ ಅಂಟಿಗೆ ಯಾಕೆ ದುಡ್ಡು ದಂಡ ಎಂದು ಮನೆಯ ಅನ್ನದ ಗಂಜಿಯಿಂದ! ಊರ ಕಡೆ ನಡೆದ ಜಾಣತನ ಕೋಲ್ಕತ್ತದ ಮಳೆಗಾಲದಲ್ಲಿ ನಡೆದೀತೇ? ಬಣ್ಣ ಉಬ್ಬಿತು, ಕಮಟು ವಾಸನೆ ಎದ್ದಿತು. ಒಳಗೆ ಬೂಷ್ಟು ಹಿಡಿದು ಬಟ್ಟೆ ಕೊಳೆಯುತ್ತಿದೆ, ಈಗಲೇ ತೆರೆದರೆ ಒಂದಿಷ್ಟು ಉಳಿದೀತು, ಇಲ್ಲದಿದ್ದರೆ ಎಲ್ಲವೂ ಹಾಳಾದೀತು ಎಂದಳು ಅಪರ್ಣಾ.

ತುಳಸಿ ಬ್ಲೇಡು ಹಿಡಿದಳು. ಹಳದಿ ಹೋಯಿತು, ಕಪ್ಪು ಹೋಯಿತು, ನೀಲಿ ಗೀರು ಕಂಡಿತು. ಕಂಡದ್ದೇ ತಡ, ಬಟ್ಟೆ ಪುಡಿಪುಡಿಯಾಗಿ ಎದ್ದು ಬಂತು. ಕಿಸೆಯ ಅಂಚಿನ ತುಣುಕೊಂದು ಮಾತ್ರ ನಿಂತಿತು. ಈಗಲಾದರೂ ಎದೆಯೊಳಗೆ ಏನಾದರೂ ಆದೀತೆಂದು ಕಾದಳು. ಏನೂ ಆಗಲಿಲ್ಲ. ಇದೇ ಚಿತ್ರ, ಇನ್ನು ಮುಟ್ಟಬೇಡಿ ಎಂದಳು ಅಪರ್ಣಾ.

ಸಂಜೆ ಕರೆದೊಯ್ಯಲು ಬಂದ ವರ್ಷಿಣಿ ಹಲಗೆಯನ್ನು ಹೊಗಳುತ್ತ ಬಾಗಿದವಳು ತಟಕ್ಕನೆ ಕಿಸೆಯ ತುಣುಕಿಗೆ ಮುಖ ಹತ್ತಿರ ತಂದಳು.

“ಅಮ್ಮಾ, ಇದು ಪಪ್ಪಾನ ಶರ್ಟ್ ಅಲ್ಲಾ? ಎಲ್ಲಾ ಕೊಟ್ಟಬಿಟ್ಟೆ ನಾನು. ಒಂದರ ಇಟ್ಕೋಬೇಕಿತ್ತು ಅಂತ ಡೈಲಿ ಅನಸ್ತದ ನನಗ.”

“ಇದೊಂದು ಉಳದಿತ್ತು,” ಎಂದಳು ತುಳಸಿ.

ಮಗಳು ಆ ತುಣುಕಿನ ಮೇಲೆ ಬೆರಳಿಟ್ಟು ಬಿಕ್ಕಿದಳು. ತುಳಸಿ ಅವಳ ಬೆನ್ನು ಸವರಿದಳು.

“ಅಳವ್ವಾ, ನೀನರ ಅಳು. ನನಗ ಬರವಲ್ದು.”