ತಾತನ ರೇಡಿಯೋದಿಂದ ಬಿಚ್ಚಿದ ಸ್ಪೀಕರ್

ಇವತ್ತು ಬೆಳಗ್ಗೆ ಮಿಕ್ಸಿ ಮೋಟಾರ್ ಸುಟ್ಟು ಅಡುಗೆಮನೆ ತುಂಬಾ ಸುಟ್ಟ ತಂತಿಯ ವಾಸನೆ. ಚಟ್ನಿ ಅಲ್ಲೇ ಬಿಟ್ಟು ಕೂತುಬಿಟ್ಟೆ.

ನಾನು ಚಿಕ್ಕವಳಿದ್ದಾಗ ಜಯನಗರದ ಮನೇಲಿ ಚಿಕ್ಕಪ್ಪ ತನ್ನ ಗಿಟಾರ್‌ಗೆ ತಾನೇ ಹಳೇ ಕಾಲದ ಗಾಜಿನ ವಾಲ್ವ್ ಹಾಕಿ ಒಂದು ಆಂಪ್ಲಿಫೈಯರ್ ಕಟ್ಟಿದ್ದ. ಐದೇ ವ್ಯಾಟ್. ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಂದ ತಂದ ಸ್ಪೀಕರ್‌ಗಳ ಸದ್ದಿಗೆ ಅದುರೋ ಕಾಗದವನ್ನು ಹೆಬ್ಬೆರಳಲ್ಲಿ ಒತ್ತಿ ನೋಡಿ, "ಎಲ್ಲಾ ಗಟ್ಟಿ. ಐದು ವ್ಯಾಟ್‌ಗೆ ಇವು ಅಲ್ಲಾಡಲ್ಲ" ಅಂತ ಪಕ್ಕಕ್ಕಿಟ್ಟ. ಹಗುರ ಕಾಗದದ್ದು ಮನೇಲಿ ಒಂದೇ ಇತ್ತು, ತಾತನ ಹಳೇ ವಾಲ್ವ್ ರೇಡಿಯೋದಲ್ಲಿ.

ಮಧ್ಯಾಹ್ನ ತಾತ ಮಲಗಿದ್ದಾಗ ಅದನ್ನು ಬಿಚ್ಚಿಕೊಂಡ. "ಸಂಜೆ ವಾರ್ತೆ ಹೊತ್ತಿಗೆ ವಾಪಸ್ ಹಾಕ್ತೀನಿ. ಹೇಳ್ಬೇಡ ಪುಟ್ಟಿ" ಅಂದ. ಸ್ಪೀಕರ್ ಇಲ್ಲದೆ ವಾಲ್ವ್ ರೇಡಿಯೋ ಹಾಕಿದ್ರೆ ಒಳಗಿನ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗುತ್ತೆ ಅಂತ ನನಗೆ ಪಾಠ ಹೇಳಿದವನೇ ಅವನು. ಆದರೂ ರೇಡಿಯೋ ಪ್ಲಗ್ ಕೀಳೋದು ಮರೆತ.

ಮಹಡಿ ಮೇಲೆ ಆ ಸ್ಪೀಕರ್ ಜೋಡಿಸಿ ಅವನು ನುಡಿಸಿದ, ನಾನು ಕೂತು ಕೇಳಿದೆ. ಗಿಟಾರ್ ಸಖತ್ತಾಗಿತ್ತು. ಕೆಳಗೆ ತಾತ ಎದ್ದು ರೇಡಿಯೋ ಹಾಕಿದ್ದರು. ಸದ್ದು ಬರಲಿಲ್ಲ ಅಂತ ವಾಲ್ಯೂಮ್ ಪೂರ್ತಿ ತಿರುಗಿಸಿದ್ದರು. ನಾವು ಇಳಿದು ಬರೋ ಹೊತ್ತಿಗೆ ರೂಮಲ್ಲಿ ಹೊಗೆ, ಇದೇ ಸುಟ್ಟ ತಂತಿಯ ವಾಸನೆ.

"ನಾನೇ ಕೆಡಿಸ್ಬಿಟ್ಟೆ ಕಣೋ" ಅಂದರು ತಾತ, ಕೈಯನ್ನು ಪಂಚೆಯಲ್ಲಿ ಬಚ್ಚಿಟ್ಟುಕೊಂಡು. "ಈ ಕೈ ಇನ್ನು ಯಾವುದಕ್ಕೂ ಬರಲ್ಲ."

ಚಿಕ್ಕಪ್ಪ ನನ್ನ ಮುಖ ನೋಡಿದ. ಸ್ಪೀಕರ್ ಬಿಚ್ಚಿದ ವಿಷಯ ತಾತನಿಗೆ ಯಾವತ್ತೂ ಹೇಳಲಿಲ್ಲ. ಆಮೇಲೆ ಫ್ಯಾನ್ ಸ್ವಿಚ್ ಹಾಕೋಕೂ ತಾತ ನಮ್ಮನ್ನೇ ಕರೀತಿದ್ದರು, ಸಾಯೋವರೆಗೂ.

ಈಗ ಮಗಳು ಮೂಗು ಮುಚ್ಚಿಕೊಂಡು ಬಂದು, "ಯಾರಮ್ಮ ಇದನ್ನ ಸುಟ್ಟಿದ್ದು?" ಅಂತ ಕೇಳಿದಳು.

"ನಾನೇ" ಅಂದೆ. ಅಷ್ಟು ಹೇಳೋಕೆ ಒಂದು ಕ್ಷಣಾನೂ ಹಿಡೀಲಿಲ್ಲ.