ಪಾಲಿಗೆ ಬಂದ ಹೊಳೆ

ಶಹಾಪುರದ ಗಂಜ್ ಮಾರುಕಟ್ಟೆಯಲ್ಲಿ ಅರಳೆ ವ್ಯಾಪಾರ ಮಾಡಿದ ಪಂಪಣ್ಣನಿಗೆ ಇದ್ದದ್ದು ಒಂದೇ ಚಟ: ಹೈದರಾಬಾದಿನ ಹಳೇ ಪುಸ್ತಕದಂಗಡಿಯಿಂದ ತಂದ ಕೃಷ್ಣಾ ನದಿಯ ಚರಿತ್ರೆ. ನಾಲ್ಕು ಸಂಪುಟ, ಚರ್ಮದ ರಟ್ಟು, ಬ್ರಿಟಿಷರ ಕಾಲದ ಇಂಗ್ಲಿಷು. ಕಣ್ಣು ಹೋದ ಮೇಲೆ ಅದನ್ನು ಓದಿ ಕನ್ನಡದಲ್ಲಿ ಹೇಳುವ ಕೆಲಸ ಮಗಳು ಕಸ್ತೂರಿಯದಾಯಿತು. ಗಂಡ ತೀರಿಹೋಗಿ ತವರಿಗೆ ಬಂದಿದ್ದಳು, ಬಿ.ಎ. ಓದಿದ್ದು ಹೀಗಾದರೂ ಉಪಯೋಗಕ್ಕೆ ಬಂತು. ಹೊಳೆ ಸಮುದ್ರ ಸೇರುವವರೆಗೆ ಕೇಳಿಯೇ ಸಾಯುತ್ತೇನೆಂದು ಮುದುಕನ ಹಟ. ಓದಿ ಮುಗಿಸುತ್ತೇನೆಂದು ಆಕೆಯ ಮಾತು. ಸಾವು ಯಾರ ಮಾತು ಕೇಳುತ್ತದೆ? ಪುಸ್ತಕದ ಹೊಳೆ ಸಮುದ್ರಕ್ಕೆ ಹತ್ತಿರದ ಬೆಜವಾಡ ದಾಟುವ ಮೊದಲೇ ಪಂಪಣ್ಣ ಹೋದ.

ಕಸ್ತೂರಿ ಅಳಲಿಲ್ಲ. ಬಂದವರಿಗೆ ಚಾಪೆ ಹಾಸಿದಳು, ಚಹಾ ಕೊಟ್ಟಳು.

“ಕಲ್ಲಿನಂಥ ಎದಿ ಬಿಡ್ರಿ ಆಕಿದು,” ಎಂದರು ಓಣಿಯ ಹೆಂಗಸರು. ಎಲುಬಿಲ್ಲದ ನಾಲಿಗೆ, ಹೇಗೆ ಬೇಕಾದರೂ ಹೊರಳುತ್ತದೆ. ಆದರೆ ಆಕೆಗೆ ನಿಜವಾಗಿಯೂ ಏನೂ ಅನಿಸುತ್ತಿರಲಿಲ್ಲ. ಬಹಳ ಹೊತ್ತು ಕುಳಿತ ಕಾಲಿನ ಹಾಗೆ ಎದೆ ಜೋಮು ಹಿಡಿದಿತ್ತು.

ಆಮೇಲೆ ಪಾಲು. ಅಣ್ಣ ವಿಶ್ವಾರಾಧ್ಯ ಸುರಪುರದಲ್ಲಿ, ತಮ್ಮ ಶಿವರಾಜ ಯಾದಗಿರಿಯಲ್ಲಿ. ಹೊಲ, ಅಂಗಡಿ, ತಾಮ್ರದ ಹಂಡೆ ಎಲ್ಲ ಸಮಸಮ. ಪುಸ್ತಕವೂ ಸಮಸಮ: ಮೊದಲೆರಡು ಅಣ್ಣನಿಗೆ, ಕೊನೆಯೆರಡು ತಮ್ಮನಿಗೆ. ಓದುವವರು ಒಬ್ಬರೂ ಇಲ್ಲ, ಬಿಟ್ಟುಕೊಡುವವರೂ ಇಲ್ಲ! ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎನ್ನುವ ಹಿರಿಯರು ಬಾಯಿಮಾತಿಗೆ ಆಕೆಯನ್ನೂ ಕೇಳಿದರು.

“ನಿನಗೇನ್ ಬೇಕವ್ವ ಕಸ್ತೂರಿ?”

“ಏನೂ ಬ್ಯಾಡ್ರಿ.”

ಕಪಾಟು ಖಾಲಿಯಾದ ಮೇಲೆ ತಿಳಿಯಿತು, ಬೇಕಾದದ್ದು ಒಂದಿತ್ತು. ಅಪ್ಪನಿಗೆ ಕೊಟ್ಟ ಮಾತು ಹಾಗೇ ಉಳಿದಿತ್ತು. ಯಾದಗಿರಿಯ ಬಸ್ಸು ಹತ್ತಿದಳು.

ನಾಲ್ಕನೆಯ ಸಂಪುಟ ಶಿವರಾಜನ ಷೋಕೇಸಿನಲ್ಲಿ ಗಾಜಿನ ಗಿಳಿಗಳ ನಡುವೆ ನಿಂತಿತ್ತು.

“ಓದಿ ತಂದು ಕೊಡ್ತೀನೋ ತಮ್ಮ.”

“ಹೊರಗ ಒಯ್ಯಬ್ಯಾಡಕ್ಕ. ಪಾಲಿನ ವಸ್ತು. ಅಣ್ಣಗ ಗೊತ್ತಾದ್ರ ಆಕಿಗ್ಯಾಕ ಕೊಟ್ಟಿ ಅಂತ ಜಗಳ ತೆಗಿತಾನ. ಇಲ್ಲೇ ಕುಂತು ಓದು.”

ಕುಳಿತಳು. ಟಿವಿ ಹಾಡುತ್ತಿತ್ತು, ತಮ್ಮನ ಹೆಂಡತಿ ಶಾಂಭವಿ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಕಸ್ತೂರಿ ರೂಢಿಯಂತೆ ಒಂದೊಂದೇ ಸಾಲನ್ನು ಓದಿ, ಬಾಯಿಬಿಟ್ಟು ಕನ್ನಡದಲ್ಲಿ ಹೇಳುತ್ತಾ ಹೋದಳು. ಬೆಜವಾಡ ದಾಟಿತು. ಹೊಳೆ ಕವಲೊಡೆಯಿತು, ನೀರು ಉಪ್ಪಾಯಿತು.

“ಸಮುದ್ರ ಸೇರ್ತು ನೋಡಪ್ಪ,” ಎಂದು ಪುಸ್ತಕ ಮುಚ್ಚಿದಳು.

ಶಿವರಾಜ ಮೊಬೈಲಿನಿಂದ ತಲೆಯೆತ್ತಿದ. “ಯಾರಿಗೆ ಹೇಳಾಕತ್ತಿ ಅಕ್ಕ?”

“ಅಪ್ಪಗ.”

ಹಾಗೆಂದ ಮೇಲೆ, ತಮ್ಮನ ಮುಖ ನೋಡಿ, ಅಪ್ಪ ಸತ್ತದ್ದು ಆಕೆಗೆ ಗೊತ್ತಾಯಿತು.