ತಿರುಗಿ ಬಂದ ಡಬ್ಬಿಯ ಸಕ್ಕರೆ

ಕಳೆದ ತಿಂಗಳು ನಮ್ಮ ಮನೆಗೆ ಸಕ್ಕರೆ ತರುವುದನ್ನೇ ಮರೆತಿದ್ದರೂ ಸಕ್ಕರೆ ಡಬ್ಬ ಮಾತ್ರ ತುಂಬಿಯೇ ಇತ್ತು. ಆ ಸೋಜಿಗದ ಕಥೆ ನೀವು ಶಾಲೆಯಲ್ಲಿದ್ದ ಹೊತ್ತಿನಲ್ಲಿ ನಡೆದದ್ದು, ಮಕ್ಕಳೇ. ಮಲ್ಲಿಪಟ್ಟಣದ ಶಾಲೆಯಲ್ಲಿ ಏಳನೆಯ ತರಗತಿ ದಾಟದ ನಿಮ್ಮಜ್ಜಿ ನಾಲ್ಕು ಜನರೆದುರು ಬಾಯಿ ಬಿಡಲಾರದವಳಾದ್ದರಿಂದ, ಅದನ್ನು ನಿಮ್ಮ ಹಳೆಯ ನೋಟುಬುಕ್ಕಿನ ಉಳಿದ ಹಾಳೆಗಳಿಗೆ ಹೇಳುತ್ತಿದ್ದಾಳೆ.

ಹಡಗಿನ ಅಡುಗೆಮನೆಯಲ್ಲಿ ನಿಮ್ಮಪ್ಪನ ಜೊತೆ ದುಡಿಯುತ್ತ ಅವನಿಂದಲೇ ಕನ್ನಡ ಕಲಿತ ಫಿಲಿಪ್ಪೀನ್ಸಿನ ಲಿಗಾಯ, ಅಂದರೆ ನಿಮ್ಮಮ್ಮ, ಈ ವರ್ಷ ತಾನೇ ಹೊಳೆನರಸೀಪುರಕ್ಕೆ ಬಂದು ನೆಲೆಸಿದಳಲ್ಲ, ಬಂದ ವಾರವೇ ಅವಳ ಹಂಚುವ ಹುಚ್ಚು ಹೊರಬಿತ್ತು. ತಾನು ಮಾಡಿದ್ದನ್ನು ನಾಲ್ಕು ಮನೆಯವರು ತಿನ್ನದಿದ್ದರೆ ಅವಳಿಗೆ ಊಟ ಮಾಡಿದಂತೆಯೇ ಅಲ್ಲ. ಅವಳ ತಾಯಿ ಕಲಿಸಿದ ಅಡುಗೆ ಅಡೋಬೊ: ಬೆಳ್ಳುಳ್ಳಿ, ಮೆಣಸು, ಪಲಾವಿನ ಎಲೆ, ಸೋಯಾ ಸಾಸು, ಧಾರಾಳವಾಗಿ ವಿನೆಗರ್. ಅವರೂರಿನಲ್ಲಿ ಅದಕ್ಕೆ ಮಾಂಸ ಹಾಕುತ್ತಾರೆ. ಮಾಂಸ ಕಾಣದ ನಮ್ಮ ಒಲೆಗೆ ಮರ್ಯಾದೆ ಕೊಟ್ಟು ಇವಳು ಬದನೆಕಾಯಿ ಹಾಕಿದಳು. ಒಗ್ಗರಣೆಯ ಘಮದ ಬದಲು ಹುಳಿಯ ಹಬೆ ಎದ್ದದ್ದೇ ತಡ, ನಾನು ಹಿತ್ತಲಿಗೆ ಹೋಗಿ ಕರಿಬೇವಿನ ಗಿಡಕ್ಕೆ ನೀರು ಹಾಕುತ್ತ ನಿಂತೆ. ಆ ತಿಂಗಳು ಕುಡಿದಷ್ಟು ನೀರನ್ನು ಆ ಗಿಡ ಜನ್ಮದಲ್ಲಿ ಕುಡಿದಿರಲಿಲ್ಲ.

ಒಂದು ಸ್ಟೀಲ್ ಡಬ್ಬಿಯ ತುಂಬ ಅಡೋಬೊ ಎದುರುಮನೆಯ ಗೌರಮ್ಮನಿಗೆ ಹೋಯಿತು. ಮಾರನೆಯ ದಿನ ಡಬ್ಬಿ ತಿರುಗಿ ಬಂತು, ಒಳಗೊಂದು ಹಿಡಿ ಸಕ್ಕರೆ. ಕೊಟ್ಟವರ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬುದು ನಮ್ಮ ಕಡೆಯ ರೂಢಿ. ಅದು ನನಗೆ ಉಸಿರಾಟದಷ್ಟು ಸಹಜವಾದ್ದರಿಂದ ಸೊಸೆಗೆ ಹೇಳಬೇಕೆಂದೇ ಹೊಳೆಯಲಿಲ್ಲ. ಅವಳೋ, ಹುಳಿ ಹೆಚ್ಚಾಯಿತು, ಸಕ್ಕರೆ ಹಾಕು ಎಂದು ಗೌರಮ್ಮ ತೀರ್ಪು ಕಳಿಸಿದ್ದಾಳೆಂದು ತಿಳಿದಳು. ಮುಂದಿನ ವಾರ ಎರಡು ಚಮಚ ಸಕ್ಕರೆ ಬಿತ್ತು. ಡಬ್ಬಿಯಲ್ಲಿ ಮತ್ತೆ ಸಕ್ಕರೆ ಬಂತು. ಆಮೇಲೆ ನಾಲ್ಕು ಚಮಚ, ಮತ್ತೆ ಸಕ್ಕರೆ. ನಾಲ್ಕನೆಯ ವಾರಕ್ಕೆ ಬದನೆಕಾಯಿ ಪಾಯಸದೊಂದಿಗೆ ನೆಂಟಸ್ತಿಕೆ ಬೆಳೆಸಿಬಿಟ್ಟಿತ್ತು. ಆಗಲೂ ಸಕ್ಕರೆಯೇ ಬಂದಾಗ ಅವಳು ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಳು.

"ಸಾಕು ಅತ್ತೆ. ನಮ್ಮಮ್ಮನ ಅಡುಗೆ ಈ ಊರಿಗೆ ಸೇರಲ್ಲ. ಇನ್ಮೇಲೆ ನಿಮ್ಮ ಸಾರೇ ಮಾಡ್ತೀನಿ."

ನಾನು ನಗುತ್ತ ರೂಢಿಯನ್ನು ವಿವರಿಸಿದೆ. ಅವಳು ನಗಲಿಲ್ಲ.

"ಹಾಗಾದ್ರೆ ಅವರು ಏನೂ ಹೇಳೇ ಇಲ್ವಾ? ತಿಂದ್ರೋ, ಚೆಲ್ಲಿದ್ರೋ?"

ಮರ್ಯಾದೆಯ ಮುಚ್ಚಳ ಎಷ್ಟು ಬಿಗಿ ನೋಡಿ. ನಾನೇ ಸಕ್ಕರೆ ತುಂಬಿ ಹಿಂದಿರುಗಿಸಿದ ಪಾತ್ರೆಗಳ ಜೊತೆ ಎಷ್ಟು ಮನೆಗಳ ಅಡುಗೆಯ ಸುದ್ದಿ ಮುಚ್ಚಿಹೋಯಿತೋ! ಗೌರಮ್ಮನನ್ನೇ ಕೇಳಿ ಬರದೆ ಬೇರೆ ದಾರಿಯಿರಲಿಲ್ಲ. ಶ್ರವಣಬೆಳಗೊಳದ ಬೆಟ್ಟ ಹತ್ತುವಾಗಲೂ ನಿಲ್ಲದಷ್ಟು ಸಲ ನಿಂತು ನಿಂತು ಆ ಹತ್ತು ಮಾರಿನ ಬೀದಿ ದಾಟಿದೆ.

"ಮೊದಲ್ನೇ ಸಲದ್ದು ಏನ್ ಸೊಗಸಾಗಿತ್ತು ಕಣಕ್ಕ!" ಎಂದಳು ಗೌರಮ್ಮ. "ನಮ್ಮನೆಯವ್ರು ರೊಟ್ಟಿ ಜೊತೆ ಡಬ್ಬಿ ಬಳ್ಕಂಡು ತಿಂದ್ರು. ಆಮೇಲ್ಯಾಕೆ ನಿನ್ ಸೊಸೆ ಅದ್ನ ಪಾಯ್ಸ ಮಾಡ್ಬುಟ್ಲು? ಕೇಳಿದ್ರೆ ಬೇಜಾರ್ ಮಾಡ್ಕತಾಳೇನೋ ಅಂತ ಸುಮ್ಕಾದೆ. ಅಲ್ಲಾ, ನೀನೇ ಹೇಳ್ಬೋದಿತ್ತಲ್ಲ? ನೀನ್ ತಿನ್ನಲಿಲ್ವಾ?"

ನನಗೆ ಕರಿಬೇವಿನ ಗಿಡ ನೆನಪಾಯಿತು.

ಮನೆಗೆ ಬಂದವಳೇ ನನಗೊಂದು ತಟ್ಟೆ ಬಡಿಸು ಎಂದೆ, ಸಕ್ಕರೆ ಹಾಕದ್ದು. ಅವಳು ಹೊಸದಾಗಿ ಒಲೆಗಿಟ್ಟಳು. ಹಿತ್ತಲಿಗೆ ಹೋಗದೆ ಅಲ್ಲೇ ಕುಳಿತೆ. ಮೊದಲ ತುತ್ತಿಗೆ ಕಣ್ಣು ಮುಚ್ಚಿದೆ. ಎರಡನೆಯ ತುತ್ತಿಗೆ ರೊಟ್ಟಿ ಕೇಳಿದೆ.

ಅವತ್ತಿನ ಪಾಲು ಎದುರುಮನೆಗೂ ಹೋಯಿತು. ನೀವು ಶಾಲೆಯಿಂದ ಬರುವ ಮೊದಲೇ ಗೌರಮ್ಮ ತಾನೇ ಡಬ್ಬಿ ಹಿಡಿದು ಬಂದಳು. "ಬರೀ ಡಬ್ಬಿ ತಂದಿವ್ನಿ ಕಣವ್ವ, ತೆಪ್ಪು ತಿಳ್ಕಬ್ಯಾಡ. ಇನ್ನೊಂಚೂರು ಹಾಕು." ನಿಮ್ಮಮ್ಮ ಆ ಬರೀ ಡಬ್ಬಿಯೊಳಗೆ ಇಣುಕಿದ ರೀತಿ ನೋಡಿದ್ದರೆ ಅದರ ತುಂಬ ಏನಿತ್ತೋ ಎಂದುಕೊಳ್ಳುತ್ತಿದ್ದಿರಿ.

ಈಗ ನಮ್ಮ ಸಕ್ಕರೆ ಡಬ್ಬದ ತಳ ಕಾಣುತ್ತಿದೆ. ಹಾಸನಕ್ಕೆ ಹೋಗಿರುವ ನಿಮ್ಮಪ್ಪ ಬರುವಾಗ ತರಲೆಂದು ಚೀಟಿ ಬರೆದಿದ್ದೇನೆ. ಸಕ್ಕರೆಯ ಕೆಳಗೆ, ಸಣ್ಣ ಅಕ್ಷರದಲ್ಲಿ, ವಿನೆಗರ್ ಎಂದೂ ಸೇರಿಸಿದ್ದೇನೆ.